124 ಪತ್ರಗಳ ಊರಲ್ಲಿ, ಮಗಳ ಜೊತೆ ಏಳು ದಿನ

ಮೊದಲನೇ ದಿನ

ಮಗಳು ಇಟಲಿಗೆ ಹೋಗಿ ಮೂರು ವರ್ಷ ಆಗಿತ್ತು. ಫ್ಲಾರೆನ್ಸ್ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಈ ಮೂರು ವರ್ಷದಲ್ಲಿ ಅವಳ ಊರಿನ ಬಗ್ಗೆ ನನಗೆ ಸರಿಯಾಗಿ ಗೊತ್ತಿದ್ದದ್ದು ಒಂದೇ ಸಂಗತಿ, ಅಲ್ಲಿ ಈಗ ಎಷ್ಟು ಗಂಟೆ ಅನ್ನುವುದು. ಮಾರ್ಚ್ ಕೊನೆಯ ಭಾನುವಾರದಿಂದ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ ಹಿಂದೆ. ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ರಾತ್ರಿ ನನಗೆ ಪ್ರತಿ ವರ್ಷ ಒಂದು ಥರ ಬೇಜಾರು. ಅವಳು ಇದ್ದಲ್ಲೇ ಇರುತ್ತಾಳೆ, ಆದರೂ ಇನ್ನೊಂದು ಗಂಟೆಯಷ್ಟು ದೂರ ಹೋದ ಹಾಗೆ ಅನಿಸುತ್ತದೆ.

ನವೆಂಬರ್‌ನಲ್ಲಿ ಹೊರಟೆ. ಹೆಂಡತಿ ಬರಲಾಗಲಿಲ್ಲ, ಅವಳ ತಾಯಿಗೆ ಮಂಡಿ ಆಪರೇಷನ್ ಆಗಿತ್ತು. ರೋಮ್‌ನಲ್ಲಿ ವಿಮಾನ ಇಳಿದು, ಅಲ್ಲಿಂದ ಫಾಸ್ಟ್ ಟ್ರೈನ್ ಹತ್ತಿದರೆ ಒಂದೂವರೆ ಗಂಟೆಗೆಲ್ಲ ಫ್ಲಾರೆನ್ಸ್. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಿದ್ದಳು. ಅಪ್ಪಿಕೊಂಡಳು. ಇಬ್ಬರೂ ಏನೂ ಮಾತಾಡಲಿಲ್ಲ.

ಆಮೇಲೆ ಟಿಕೆಟ್ ಕೌಂಟರಿನವನ ಜೊತೆ ಇಟಾಲಿಯನ್‌ನಲ್ಲಿ ಏನೋ ಕೇಳಿದಳು. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಅವಳ ದನಿಯೇ ಬೇರೆ ಆಗಿತ್ತು. ಸ್ವಲ್ಪ ಗಟ್ಟಿ, ಸ್ವಲ್ಪ ಚುರುಕು, ಕೈ ಕೂಡ ಮಾತಾಡುತ್ತಿತ್ತು. ಹುಟ್ಟಿದ ದಿನದಿಂದ ಕೇಳಿದ ದನಿಯಲ್ಲಿ ನನಗೆ ಗೊತ್ತಿಲ್ಲದ ಒಂದು ಭಾಗ ಬೆಳೆದು ನಿಂತಿದೆ ಅನ್ನುವುದು ಫೋನಿನಲ್ಲಿ ಎಂದೂ ತಿಳಿದಿರಲಿಲ್ಲ, ಯಾಕೆಂದರೆ ಫೋನಿನಲ್ಲಿ ಅವಳು ನನ್ನ ಜೊತೆ ಮಾತಾಡುತ್ತಿದ್ದದ್ದು ಹಳೇ ದನಿಯಲ್ಲಿ.

ಎರಡನೇ ದಿನ

ಅವಳಿಗೆ ಲ್ಯಾಬ್ ಇತ್ತು. ಸೆಸ್ತೊ ಫಿಯೊರೆಂತಿನೊ ಅಂತ ಊರ ಹೊರಗೆ ಇದೆ, ಟ್ರೈನಿನಲ್ಲಿ ಹೋಗುತ್ತಾಳೆ. ನಾನು ಒಬ್ಬನೇ ಆರ್ನೊ ನದಿ ದಂಡೆಯ ಗೆಲಿಲಿಯೋ ಮ್ಯೂಸಿಯಂಗೆ ಹೋದೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಫ್ಲಾರೆನ್ಸ್ ಅಂದರೆ ನನಗೆ ಚಿತ್ರ, ಶಿಲ್ಪಕ್ಕಿಂತ ಮೊದಲು ಗೆಲಿಲಿಯೋ.

ಅಲ್ಲಿ ಅವನ ಎರಡು ದೂರದರ್ಶಕಗಳಿವೆ. ಒಂದು ಮಸೂರ ಇದೆ, ದಂತದ ಚೌಕಟ್ಟಿನಲ್ಲಿ ಕೂರಿಸಿದ್ದಾರೆ, ಗಾಜು ಒಡೆದಿದೆ. 1610ರ ಜನವರಿಯಲ್ಲಿ ಗುರುಗ್ರಹದ ಚಂದ್ರರನ್ನು ಕಂಡ ಕಾಲದ ಮಸೂರ ಅದು. ಅದರ ಮುಂದೆ ತುಂಬಾ ಹೊತ್ತು ನಿಂತೆ. ಎಷ್ಟು ಮಕ್ಕಳಿಗೆ ಈ ಕಥೆ ಹೇಳಿದ್ದೇನೋ ಲೆಕ್ಕ ಇಲ್ಲ. ಅವನ ಬಲಗೈಯ ನಡುಬೆರಳನ್ನೂ ಗಾಜಿನ ಗೂಡಿನಲ್ಲಿ ಇಟ್ಟಿದ್ದಾರೆ. ಅದು ನನಗೆ ಹಿಡಿಸಲಿಲ್ಲ. ಅಲ್ಲಿಂದ ಬೇಗ ಬಂದುಬಿಟ್ಟೆ.

ರಾತ್ರಿ ಊಟ ಮಾಡುತ್ತಾ ಇದನ್ನೆಲ್ಲ ಹೇಳಿದಾಗ ಮಗಳು ಕೇಳಿದಳು: "ಅಪ್ಪಾ, ಅವನ ಮಗಳ ಬಗ್ಗೆ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅಷ್ಟು ವರ್ಷ ಪಾಠ ಮಾಡಿದೆ, ಅವನಿಗೆ ಮಕ್ಕಳಿದ್ದರು ಅನ್ನುವುದೇ ನನ್ನ ತಲೆಗೆ ಹೋಗಿರಲಿಲ್ಲ.

ಅವಳು ಲ್ಯಾಪ್‌ಟಾಪ್ ತೆಗೆದಳು. ಹಿರಿಯ ಮಗಳು ವರ್ಜೀನಿಯಾ, 1600ರ ಆಗಸ್ಟ್ 13ರಂದು ಪಾದುವಾದಲ್ಲಿ ಹುಟ್ಟಿದವಳು. ಗೆಲಿಲಿಯೋ ಮತ್ತು ಮಕ್ಕಳ ತಾಯಿ ಮರೀನಾ ಗಂಬಾ ಮದುವೆ ಆಗಿರಲಿಲ್ಲ. ಹಾಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಒಳ್ಳೆ ಮನೆತನದ ಗಂಡು ಸಿಗುವುದು ಕಷ್ಟ ಅಂತ, 1613ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಫ್ಲಾರೆನ್ಸ್ ಹೊರಗಿನ ಆರ್ಚೇತ್ರಿ ಗುಡ್ಡದ ಸಾನ್ ಮತ್ತೇಯೊ ಕಾನ್ವೆಂಟಿಗೆ ಸೇರಿಸಿದ. ದೊಡ್ಡವಳಿಗೆ ಹದಿಮೂರರ ಆಸುಪಾಸು. ಮೂರು ವರ್ಷದ ಮೇಲೆ ಅವಳು ಸನ್ಯಾಸಿನಿಯಾಗಿ ಮರಿಯಾ ಚೆಲೆಸ್ತೆ ಅಂತ ಹೆಸರು ಇಟ್ಟುಕೊಂಡಳು. ಚೆಲೆಸ್ತೆ ಅಂದರೆ ಆಕಾಶದ್ದು. ಅಪ್ಪ ಯಾವುದನ್ನು ನೋಡುತ್ತಾ ರಾತ್ರಿ ಕಳೆಯುತ್ತಿದ್ದನೋ ಅದನ್ನೇ ಮಗಳು ಹೆಸರಿನಲ್ಲಿ ಇಟ್ಟುಕೊಂಡಳು.

ಅವಳು ಅಪ್ಪನಿಗೆ ಬರೆದ 124 ಪತ್ರ ಉಳಿದಿವೆ. 1623ರಿಂದ 1633ರವರೆಗಿನವು. ಇಂಟರ್ನೆಟ್ಟಿನಲ್ಲಿ ಇಟಾಲಿಯನ್‌ನಲ್ಲೇ ಓದಬಹುದು. ಮಗಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ನಾನು ತತ್ವ, ದೇವರು, ನಕ್ಷತ್ರ ಏನೋ ಇರುತ್ತೆ ಅಂದುಕೊಂಡಿದ್ದೆ. ಇದ್ದದ್ದು ಒಗೆದು ಕಳಿಸಿದ ಅಂಗಿಯ ಕಾಲರು, ನಿಂಬೆಹಣ್ಣು, ವೈನು, ಔಷಧಿ, ಜ್ವರ ಬಂದವರ ಸುದ್ದಿ. ಒಂದು ಡಿಸೆಂಬರ್‌ನಲ್ಲಿ, ಆ ಚಳಿಯಲ್ಲಿ ಅರಳಿದ ಒಂದು ಗುಲಾಬಿಯನ್ನು ಅಪ್ಪನಿಗೆ ಕಳಿಸಿದ್ದಾಳೆ. ಪತ್ರ ಶುರುವಾಗುವುದು "ಬಹು ಪ್ರೀತಿಯ ತಂದೆಯವರೇ" ಅಂತ. ಅದನ್ನು ಮಗಳು ಜೋರಾಗಿ ಓದಿದಾಗ ನಾನು ತಟ್ಟೆ ನೋಡುತ್ತಾ ಕೂತೆ.

ಮೂರನೇ ದಿನ

ಅವಳು ರಜೆ ಹಾಕಿದಳು. ಆರ್ಚೇತ್ರಿಗೆ ನಡೆದೇ ಹೋಗೋಣ ಅಂದೆ. ಪೊಂತೆ ವೆಕ್ಕಿಯೊ ಸೇತುವೆ ದಾಟಿ ಕೋಸ್ತಾ ಸಾನ್ ಜಾರ್ಜೊ ಅನ್ನುವ ಕಡಿದಾದ ಬೀದಿ ಹತ್ತಿದೆವು. ಅಲ್ಲಿ ಗೆಲಿಲಿಯೋಗೆ ಸೇರಿದ್ದ ಒಂದು ಮನೆ ಇದೆ, ಗೋಡೆಯ ಮೇಲೆ ಅವನ ಚಿತ್ರ ಬರೆದಿದ್ದಾರೆ. ಮೇಲೆ ಹೋದರೆ ಬೆಲ್ವೆದೆರೆ ಕೋಟೆ. ಅದನ್ನು ದಾಟಿದ ಮೇಲೆ ಊರಿನ ಗದ್ದಲವೇ ಇಲ್ಲ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ಗೋಡೆ ಮೇಲಿಂದ ಇಣುಕುವ ಆಲಿವ್ ಮರಗಳು. ಕೊಯ್ಲಿನ ಕಾಲ. ಮರದ ಕೆಳಗೆಲ್ಲ ಬಲೆ ಹಾಸಿದ್ದರು.

ಮಗಳು ಮುಂದೆ ನಡೆಯುತ್ತಿದ್ದಳು. ಸ್ವಲ್ಪ ದೂರ ಹೋಗಿ ನಿಲ್ಲುವುದು, ಫೋನ್ ನೋಡುವ ನೆಪ ಮಾಡುವುದು, ನಾನು ಹತ್ತಿರ ಬಂದ ಮೇಲೆ ಮತ್ತೆ ನಡೆಯುವುದು. ಅವಳು ಚಿಕ್ಕವಳಿದ್ದಾಗ ನಾನು ಹಾಗೇ ಮಾಡುತ್ತಿದ್ದೆ, ಚಪ್ಪಲಿ ಸರಿಮಾಡುವ ನೆಪದಲ್ಲಿ.

ಪಿಯಾನ್ ದೇ ಜುಲ್ಲಾರಿ ಬೀದಿಯಲ್ಲಿ ಗೆಲಿಲಿಯೋನ ಕೊನೆಯ ಮನೆ ಇದೆ. ಇಲ್ ಜೊಯೆಲ್ಲೊ, ಅಂದರೆ ರತ್ನ. ಹೊರಗೋಡೆಯಲ್ಲಿ ಅವನ ಅರ್ಧ ಮೂರ್ತಿ. ಈಗ ಯೂನಿವರ್ಸಿಟಿಯವರು ನೋಡಿಕೊಳ್ಳುತ್ತಾರೆ, ಮೊದಲೇ ಹೇಳಿಟ್ಟು ಬಂದರೆ ಮಾತ್ರ ಒಳಗೆ ಬಿಡುತ್ತಾರೆ. ನಾವು ಹೇಳಿರಲಿಲ್ಲ. ಹೊರಗಿನಿಂದಲೇ ನೋಡಿದೆವು. ಮೊದಲು ಅವನು ಬೆಲ್ಲೊಸ್ಗ್ವಾರ್ದೊ ಅನ್ನುವ ಬೇರೆ ಗುಡ್ಡದ ಮೇಲೆ ಇದ್ದ. 1631ರಲ್ಲಿ ಈ ಮನೆಗೆ ಬಂದದ್ದು ಮಗಳ ಕಾನ್ವೆಂಟ್ ಹತ್ತಿರ ಇರಲಿ ಅಂತ. ವಯಸ್ಸು 67. ಮಗಳಂತೂ ಕಾನ್ವೆಂಟ್ ಬಿಟ್ಟು ಹೊರಗೆ ಕಾಲಿಡುವ ಹಾಗಿಲ್ಲ, ಅಪ್ಪನೇ ಹತ್ತಿರ ಬರಬೇಕು, ಬಂದರೂ ಮಾತು ಜಾಲರಿಯ ಆಚೆ ಈಚೆ.

ಮನೆಯಿಂದ ಕಾನ್ವೆಂಟಿನ ಗೋಡೆಗೆ ನಡೆದೆವು. ಕೆಲವೇ ನಿಮಿಷ. ಈ ದಾರಿಯಲ್ಲಿ ಅವನು ಎಷ್ಟು ಸಲ ಓಡಾಡಿದ್ದನೋ.

ಆ ಗೋಡೆ ನೋಡುತ್ತಾ ನಿಂತಾಗ ನನಗೆ ಅವನ ಮೇಲೆ ಸಿಟ್ಟೂ ಬಂತು. ಹೇಳಿಯೇಬಿಡುತ್ತೇನೆ. ಹದಿಮೂರು ವರ್ಷದ ಹುಡುಗಿಯನ್ನು, ಅವಳಿಗಿಂತ ಒಂದು ವರ್ಷ ಚಿಕ್ಕವಳನ್ನು ಒಳಗೆ ಬಿಟ್ಟು ಬರುವುದಕ್ಕೆ ಹೇಗಾದರೂ ಮನಸ್ಸು ಬಂತು? ಕಾಲವೇ ಹಾಗಿತ್ತು ಅನ್ನಬಹುದು. ಆದರೆ ಚಿಕ್ಕವಳು ಲಿವಿಯಾ, ಸನ್ಯಾಸಿನಿಯಾದ ಮೇಲೆ ಅರ್ಕಾಂಜೆಲಾ ಆದವಳು, ಅವಳ ಒಂದು ಪತ್ರವೂ ಉಳಿದಿಲ್ಲ. ಅಕ್ಕನ ಪತ್ರಗಳಲ್ಲಿ ಅವಳು ಬರುತ್ತಾಳೆ, ಹೆಚ್ಚಾಗಿ ಕಾಯಿಲೆ ಬಿದ್ದವಳಾಗಿ. ಅವಳು ಅಪ್ಪನನ್ನು ಕ್ಷಮಿಸಿದಳೋ ಇಲ್ಲವೋ. ದೊಡ್ಡವಳ ಪ್ರೀತಿ ಓದಿ ಚಿಕ್ಕವಳನ್ನು ಮರೆಯುವುದು ಸರಿ ಅಲ್ಲ ಅನಿಸಿತು.

"ನನ್ನನ್ನು ಯಾರೂ ಕಳಿಸಲಿಲ್ಲ ಅಪ್ಪಾ, ನಾನೇ ಬಂದೆ" ಅಂದಳು ಮಗಳು, ನಾನು ಏನೂ ಕೇಳದಿದ್ದರೂ.

ನಾಲ್ಕನೇ ದಿನ

ಮಳೆ. ಎಲ್ಲೂ ಹೋಗಲಿಲ್ಲ.

ಅವಳ ಮನೆ ರಿಫ್ರೆದಿ ಅನ್ನುವ ಕಡೆ, ಮೂರನೇ ಮಹಡಿಯ ಚಿಕ್ಕ ಫ್ಲ್ಯಾಟು. ಕಿಟಕಿಗೆ ಹೊರಗಿನಿಂದ ಉರುಳು ಶಟರ್ ಇದೆ, ನಮ್ಮ ಅಂಗಡಿ ಶಟರಿನ ಹಾಗೆ, ಆದರೆ ಹಗುರ. ಒಳಗಿನಿಂದ ಒಂದು ಪಟ್ಟಿ ಎಳೆದರೆ ಮೇಲೆ ಹೋಗುತ್ತದೆ. ಆ ಪಟ್ಟಿ ನೂಲು ಬಿಟ್ಟು ಸಿಕ್ಕಿಹಾಕಿಕೊಂಡಿತ್ತು. ಶಟರ್ ಅರ್ಧಕ್ಕೇ ನಿಂತಿತ್ತು. ಆಗಸ್ಟಿನಿಂದ ಹೀಗೇ ಇದೆ ಅಂದಳು. ಆಗಸ್ಟಿನಿಂದ ಅರ್ಧ ಕತ್ತಲೆ ರೂಮಿನಲ್ಲಿ ಇದ್ದಾಳೆ, ನಮಗೆ ಒಂದು ಮಾತು ಹೇಳಿಲ್ಲ! ಹೇಳಿದ್ದರೆ ಅಷ್ಟು ದೂರದಿಂದ ನಾನೇನು ಮಾಡುತ್ತಿದ್ದೆ ಅನ್ನುವುದು ಬೇರೆ ವಿಷಯ. ಆದರೆ ಹೇಳಬಹುದಿತ್ತು.

ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗು ಅಂದೆ. ಹಳೇ ಪಟ್ಟಿಯ ತುಂಡು ತೋರಿಸಿ ಅದೇ ಅಗಲದ್ದು ತಂದೆವು. ಕಿಟಕಿ ಮೇಲಿನ ಮರದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ಚಕ್ರ, ಪಟ್ಟಿಯ ಒಂದು ತುದಿ ಅದಕ್ಕೆ ಕಟ್ಟಿರುತ್ತದೆ. ಇನ್ನೊಂದು ತುದಿ ಗೋಡೆಯೊಳಗಿನ ಸ್ಪ್ರಿಂಗಿಗೆ. ಆ ಸ್ಪ್ರಿಂಗ್ ಎರಡು ಸಲ ಕೈಜಾರಿ ಪೂರ್ತಿ ಬಿಚ್ಚಿಕೊಂಡಿತು. ಅವಳು ಕುರ್ಚಿ ಹಿಡಿದುಕೊಂಡಳು, ಟಾರ್ಚ್ ಬಿಟ್ಟಳು, "ನಿಧಾನ ಅಪ್ಪಾ, ನಿಧಾನ" ಅಂದಳು. ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಶಟರ್ ಮೇಲೆ ಹೋದಾಗ ಮಳೆಯ ಬೆಳಕು ರೂಮಿನ ತುಂಬಾ ಬಂತು. ಇಡೀ ಪ್ರವಾಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಹೊತ್ತು ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅವಳಮ್ಮ ಅರ್ಧ ಗಂಟೆ ಮಾತಾಡುತ್ತಾಳೆ, ಕೊನೆಗೆ ನನ್ನ ಕೈಗೆ ಕೊಡುತ್ತಾಳೆ. ಊಟ ಆಯ್ತಾ, ಚಳಿ ಇದೆಯಾ, ದುಡ್ಡು ಸಾಕಾ. ಅಷ್ಟೇ. ಒಳಗೆ ಏನಿದೆಯೋ ಅದಕ್ಕೂ ಈ ಮೂರು ಪ್ರಶ್ನೆಗೂ ಸಂಬಂಧವೇ ಇಲ್ಲದ ಹಾಗೆ ಅನಿಸಿ ಫೋನ್ ಇಟ್ಟ ಮೇಲೆ ಸುಮ್ನೆ ಕೂರುತ್ತಿದ್ದೆ.

ರಾತ್ರಿ ಅವಳು ಓದಿದ ಪತ್ರ ಗಡಿಯಾರದ್ದು. ಕಾನ್ವೆಂಟಿನ ಗಡಿಯಾರ ಕೆಟ್ಟಿತ್ತು. ತಮ್ಮ ವಿನ್ಚೆಂಜೊ ಕೈಯಲ್ಲಿ ಕೊಟ್ಟರೆ ಸರಿಹೋಗಲಿಲ್ಲ. ಅಪ್ಪನಿಗೆ ಕಳಿಸಿದಳು. ಸರಿಮಾಡಿ ಕಳಿಸಿದ, ಮತ್ತೆ ನಿಂತಿತು, ಮತ್ತೆ ಹೋಯಿತು. ಹೀಗೆ ಆ ಗಡಿಯಾರ ಅಪ್ಪ ಮಗಳ ನಡುವೆ ಎಷ್ಟೋ ಸಲ ಓಡಾಡಿದೆ. ಗುರುವಿನ ಚಂದ್ರರನ್ನು ಕಂಡವನು ಕೂತು ಕಾನ್ವೆಂಟಿನ ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನು ಮಗಳಿಗೆ ಆ ಗಡಿಯಾರದ ಜೊತೆ ಏನು ಬರೆದು ಕಳಿಸಿದ ಅಂತ ನೋಡಬೇಕು ಅನಿಸಿತು. ಕೇಳಿದೆ.

"ಅವನ ಪತ್ರ ಒಂದೂ ಇಲ್ಲ ಅಪ್ಪಾ. ಅವಳದ್ದು ಮಾತ್ರ ಉಳಿದಿದೆ."

ಐದನೇ ದಿನ

ಭಾನುವಾರ. ಬಸ್ಸಿನಲ್ಲಿ ಸಿಯೆನಾಕ್ಕೆ ಹೋದೆವು, ಒಂದೂಕಾಲು ಗಂಟೆ. ಅರ್ಧ ದಾರಿಯಲ್ಲಿ ಅವಳು ಹೇಳಿದಳು, ಪಿಎಚ್‌ಡಿ ಮುಗಿದ ಮೇಲೆ ಇನ್ನೂ ಎರಡು ವರ್ಷ ಯುರೋಪಿನಲ್ಲೇ ಇರುವ ಅವಕಾಶ ಬಂದಿದೆ ಅಂತ. ಒಪ್ಪಿಕೊಳ್ಳಬೇಕು ಅಂತಿದ್ದಾಳೆ. ಮೊದಲ ದಿನವೇ ಹೇಳಬೇಕು ಅಂದುಕೊಂಡಿದ್ದಳಂತೆ, ಆಗಲಿಲ್ಲವಂತೆ.

"ಒಳ್ಳೇದೇ ಅಲ್ವಾ" ಅಂದೆ. ನಿಜವಾಗಿಯೂ ಒಳ್ಳೆಯದೇ. ಆಮೇಲೆ ಸಿಯೆನಾ ಬರುವವರೆಗೆ ಕಿಟಕಿಯ ಹೊರಗೆ ನೋಡಿದೆ. ದಾರಿಯಲ್ಲಿ ಏನೇನು ಇತ್ತು ಅಂತ ಕೇಳಿದರೆ ಹೇಳಲಾರೆ.

ಸಿಯೆನಾಕ್ಕೂ ಆ ಪತ್ರಗಳಿಗೂ ಸಂಬಂಧ ಇದೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವ ವಾದದ ಗೆಲಿಲಿಯೋನ ಪುಸ್ತಕ 1632ರಲ್ಲಿ ಅಚ್ಚಾಯಿತು, ಚರ್ಚಿನ ವಿಚಾರಣೆಗೆ ಬಾ ಅಂತ ರೋಮ್‌ನಿಂದ ಕರೆ ಬಂತು. 1633ರ ಜನವರಿ 20ಕ್ಕೆ ಹೊರಟವನು ರೋಮ್ ಮುಟ್ಟಿದ್ದು ಫೆಬ್ರವರಿ 13ಕ್ಕೆ. ಪ್ಲೇಗ್ ಇದ್ದದ್ದರಿಂದ ದಾರಿಯಲ್ಲಿ ತಡೆದು ಕೂರಿಸಿದ್ದರು. ನಾನು ಒಂದೂವರೆ ಗಂಟೆಯಲ್ಲಿ ಬಂದ ದಾರಿಗೆ 24 ದಿನ, 68 ವರ್ಷದ ಮೈಯಲ್ಲಿ. ಜೂನ್ 22ಕ್ಕೆ ಶಿಕ್ಷೆ ಆಯಿತು. ಆಮೇಲೆ ಅವನನ್ನು ಇಲ್ಲಿ, ಸಿಯೆನಾದ ಆರ್ಚ್‌ಬಿಷಪ್ ಮನೆಯಲ್ಲಿ ಇಟ್ಟರು. ವಾರಕ್ಕೊಮ್ಮೆ ಏಳು ಕೀರ್ತನೆ ಓದಬೇಕು, ಮೂರು ವರ್ಷ, ಅಂತಲೂ ಶಿಕ್ಷೆಯಲ್ಲಿ ಇತ್ತು. ಅದನ್ನು ನಾನು ಓದುತ್ತೇನೆ, ನಿಮ್ಮ ಮೇಲಿನ ಭಾರ ಅಷ್ಟಾದರೂ ಕಡಿಮೆಯಾಗಲಿ ಅಂತ ಮಗಳು ತಾನೇ ವಹಿಸಿಕೊಂಡಳು.

ಕೆಥೆಡ್ರಲ್ ಮೆಟ್ಟಿಲ ಮೇಲೆ ಕೂತು ಆ ಕಾಲದ ಪತ್ರ ಒಂದನ್ನು ಓದಿಸಿದೆ. ಪಾರಿವಾಳದ ಗೂಡಿನಲ್ಲಿ ಎರಡು ಮರಿ ನಿಮ್ಮ ಊಟಕ್ಕೆ ಕಾದಿವೆ, ತೋಟದಲ್ಲಿ ಅವರೆ ಥರದ ಕಾಳು ನೀವು ಬಂದು ಕೀಳಿಸಲಿ ಅಂತ ಕಾದಿದೆ, ನಿಮ್ಮ ಮನೆಯ ಗೋಪುರ ನೀವಿಲ್ಲ ಅಂತ ಕೊರಗುತ್ತಿದೆ. ಎಲ್ಲವೂ ಕಾಯುತ್ತಿವೆ. ತಾನು ಕಾಯುತ್ತಿದ್ದೇನೆ ಅನ್ನುವುದನ್ನು ಅವುಗಳ ಬಾಯಲ್ಲಿ ಹೇಳಿಸಿದ್ದಾಳೆ. ಅದೇ ಪತ್ರದಲ್ಲಿ ಇನ್ನೊಂದು ಮಾತು ಇದೆ. ನೀವು ರೋಮ್‌ನಲ್ಲಿದ್ದಾಗ, ಅಲ್ಲಿಂದ ಬಿಟ್ಟು ಸಿಯೆನಾಕ್ಕೆ ಬಂದರೆ ಸಾಕು ಅಂತಿದ್ದೆ, ಈಗ ಬಂದಿದ್ದೀರಿ, ಈಗ ಅದೂ ಸಾಲುತ್ತಿಲ್ಲ, ಇನ್ನೂ ಹತ್ತಿರ ಬರಲಿ ಅನಿಸುತ್ತಿದೆ ಅಂತ.

ಅವಳು ಅಷ್ಟು ಓದಿ ನಿಲ್ಲಿಸಿದಳು. ನನಗೂ ಹಾಗೇ ಆಗಿದೆ. ಹೋದ ಹೊಸದರಲ್ಲಿ ವಾರಕ್ಕೊಂದು ಫೋನ್ ಬಂದರೆ ಸಾಕು ಅಂದುಕೊಂಡಿದ್ದೆ. ಆಮೇಲೆ ಮುಖ ಕಂಡರೆ ಸಾಕು. ಆಮೇಲೆ ವರ್ಷಕ್ಕೊಮ್ಮೆ ಬಂದರೆ ಸಾಕು.

"ಎರಡು ವರ್ಷ ಬೇಗ ಹೋಗುತ್ತೆ ಅಪ್ಪಾ" ಅಂದಳು.

"ಹೋಗುತ್ತೆ ಪುಟ್ಟಿ. ಆದರೂ ನನಗೆ ಕಷ್ಟ ಆಗುತ್ತೆ. ಹೋಗು ನೀನು, ಆದರೆ ನನಗೆ ಕಷ್ಟ ಆಗುತ್ತೆ ಅಂತ ನಿನಗೆ ಗೊತ್ತಿರಲಿ."

ಇದನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಅವಳು ನನ್ನ ತೋಳಿಗೆ ತಲೆ ಒರಗಿಸಿದಳು. ಜನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ಆರನೇ ದಿನ

ಸಾಂತಾ ಕ್ರೋಚೆ. ದೊಡ್ಡ ಚರ್ಚು, ಒಳಗೆ ಮೈಕೆಲೆಂಜೆಲೊ ಸಮಾಧಿ ಒಂದು ಕಡೆ, ಅದರ ಎದುರು ಗೆಲಿಲಿಯೋ ಸಮಾಧಿ. ಅವನ ಮೂರ್ತಿ ಮೇಲಕ್ಕೆ ಮುಖ ಮಾಡಿದೆ, ಕೈಯಲ್ಲಿ ದೂರದರ್ಶಕ.

1633ರ ಡಿಸೆಂಬರ್‌ನಲ್ಲಿ ಅವನನ್ನು ಆರ್ಚೇತ್ರಿಯ ಮನೆಗೆ ಬಿಟ್ಟರು, ಗೃಹಬಂಧನದಲ್ಲಿ. ಮಗಳಿಗೆ ಅಪ್ಪ ಹತ್ತಿರ ಬಂದ. ಅದಾಗಿ ನಾಲ್ಕು ತಿಂಗಳೂ ಆಗಲಿಲ್ಲ. ಭೇದಿ ಕಾಯಿಲೆ ಹಿಡಿದು 1634ರ ಏಪ್ರಿಲ್ 2ರಂದು ಅವಳು ತೀರಿಕೊಂಡಳು. 33 ವರ್ಷ. ಕೊನೆಯ ದಿನಗಳಲ್ಲಿ ಒಮ್ಮೆ ಅವನು ಕಾನ್ವೆಂಟಿನಿಂದ ವೈದ್ಯರ ಜೊತೆ ಮನೆಗೆ ನಡೆದು ಬರುತ್ತಿದ್ದ. ಇನ್ನು ಆಸೆ ಇಲ್ಲ ಅಂತ ವೈದ್ಯ ಹೇಳಿದ್ದು ಆಗಲೇ. ಮನೆಗೆ ಬಂದರೆ ಚರ್ಚಿನ ವಿಚಾರಣೆ ಕೋರ್ಟಿನ ಕಡೆಯವನು ಕಾದಿದ್ದಾನೆ. ಫ್ಲಾರೆನ್ಸ್‌ಗೆ ಹೋಗಲು ಬಿಡಿ ಅಂತ ಮತ್ತೆ ಕೇಳಿದರೆ ಜೈಲಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಲು. ನಾವು ಮೂರು ದಿನದ ಹಿಂದೆ ಕೆಲವೇ ನಿಮಿಷದಲ್ಲಿ ನಡೆದು ಮುಗಿಸಿದ ದಾರಿ ಅದು. ಎರಡೂ ಕಡೆ ಕಲ್ಲಿನ ಗೋಡೆ. ಅಷ್ಟು ಚಿಕ್ಕ ದಾರಿಯಲ್ಲಿ ಅವನು ಹೇಗೆ ಕಾಲು ಹಾಕಿದನೋ. ಆ ತಿಂಗಳ ಕೊನೆಯಲ್ಲಿ ಬರೆದ ಪತ್ರದಲ್ಲಿ, ನನ್ನ ಪ್ರೀತಿಯ ಮಗಳು ನನ್ನನ್ನು ಕರೆಯುತ್ತಲೇ ಇರುವುದು ಕೇಳಿಸುತ್ತಿದೆ ಅಂತ ಹೇಳಿಕೊಂಡಿದ್ದಾನೆ.

1642ರ ಜನವರಿ 8ಕ್ಕೆ ಅವನೂ ಹೋದ. ಅವನನ್ನು ದೊಡ್ಡ ಗೌರವದಿಂದ ಹೂಳಲು ಚರ್ಚು ಬಿಡಲಿಲ್ಲ, ಇಲ್ಲೇ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ಇಟ್ಟರು. 1737ರಲ್ಲಿ ಈ ದೊಡ್ಡ ಸಮಾಧಿಗೆ ತರಲು ತೆರೆದಾಗ ಜೊತೆಯಲ್ಲಿ ಒಬ್ಬ ಹೆಂಗಸಿನ ಮೂಳೆಗಳೂ ಇದ್ದವು. ಅವಳೇ ಅಂತ ನಂಬಿಕೆ. ಇಬ್ಬರನ್ನೂ ಒಟ್ಟಿಗೇ ತಂದು ಇಲ್ಲಿ ಇಟ್ಟರು. ಸಮಾಧಿಯ ಮೇಲೆ ಅವಳ ಹೆಸರು ಕಾಣಲಿಲ್ಲ. ಮಗಳು ಪಕ್ಕಕ್ಕೆ ಹೋಗಿ ಹುಡುಕಿ ಬಂದು "ಎಲ್ಲೂ ಬರೆದಿಲ್ಲ" ಅಂದಳು. ಅವಳಿಗೆ ಬೇಜಾರಾಗಿತ್ತು. ನನಗೂ.

ಚರ್ಚಿನ ಪಕ್ಕದ್ದೇ ರಾಷ್ಟ್ರೀಯ ಗ್ರಂಥಾಲಯ. ಆ 124 ಪತ್ರಗಳು ಇರುವುದು ಅಲ್ಲೇ. ಹೊರಗೆ ನಿಂತು ನೋಡಿದೆವು. ಅವನು ಬರೆದದ್ದನ್ನು ಅವಳು ಸತ್ತ ಮೇಲೆ ಕಾನ್ವೆಂಟಿನವರೇ ಹೆದರಿ ನಾಶ ಮಾಡಿರಬೇಕು ಅನ್ನುತ್ತಾರೆ. ಪಕ್ಕದ ರೂಮಿನಲ್ಲಿ ಹೆಂಡತಿ ಫೋನಿನಲ್ಲಿ ಮಾತಾಡುವಾಗ ಇವಳ ಮಾತು ಕೇಳಿ ಆಚೆ ಕಡೆಯ ಮಗಳ ಮಾತು ಊಹಿಸುತ್ತೇನಲ್ಲ, ಹಾಗೆ ಓದಬೇಕು ಈ ಪತ್ರಗಳನ್ನು. ಗಡಿಯಾರ ಈಗ ಚೆನ್ನಾಗಿ ನಡೆಯುತ್ತಿದೆ ಅಂತ ಅವಳು ಬರೆದಿದ್ದರೆ, ನಡೆಯುತ್ತಿದೆಯಾ ಅಂತ ಅವನು ಕೇಳಿರಬೇಕು. ಜ್ವರ ಬಿಟ್ಟಿದೆ ಅಂತ ಅವಳು ಬರೆದಿದ್ದರೆ, ಜ್ವರ ಹೇಗಿದೆ ಅಂತ ಕೇಳಿರಬೇಕು. ಅವನೂ ಅದನ್ನೇ ಕೇಳುತ್ತಿದ್ದ ಅಂತಾಯ್ತು. ಊಟ ಆಯ್ತಾ, ಚಳಿ ಇದೆಯಾ, ದುಡ್ಡು ಸಾಕಾ.

ಏಳನೇ ದಿನ

ಬೆಳಿಗ್ಗೆ ಟ್ರೈನು. ಅವಳು ರೋಮ್‌ವರೆಗೂ ಬರುತ್ತೇನೆ ಅಂದಳು, ಬೇಡ ಅಂದೆ, ಲ್ಯಾಬ್ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಟ್ರೈನಿನ ಬೋರ್ಡನ್ನೇ ನೋಡುತ್ತಿದ್ದೆವು. ಬಾಗಿಲು ಮುಚ್ಚುವ ಮೊದಲು ನನ್ನ ಮಫ್ಲರ್ ಸರಿಮಾಡಿದಳು, ಸರಿಯಾಗಿಯೇ ಇದ್ದರೂ.

ಮನೆಗೆ ಬಂದು ಹನ್ನೊಂದು ದಿನ ಆದ ಮೇಲೆ, ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು. ಅಲ್ಲಿ ಸಂಜೆ ಏಳು. ಒಂದು ಫೋಟೊ, ಅರ್ಧಕ್ಕೆ ನಿಂತ ಶಟರ್. "ಅಪ್ಪಾ, ಪಟ್ಟಿ ಮತ್ತೆ ಸಿಕ್ಕಿಹಾಕಿಕೊಂಡಿದೆ. ಏನು ಮಾಡಲಿ?"

ಹೆಂಡತಿಗೆ ಎಚ್ಚರ ಆಗದ ಹಾಗೆ ಎದ್ದೆ. ಹಾಳೆ, ಪೆನ್ಸಿಲ್ ತೆಗೆದುಕೊಂಡು ಚಕ್ರದ ಚಿತ್ರ ಬರೆದೆ, ಪಟ್ಟಿ ಯಾವ ಕಡೆಯಿಂದ ಸುತ್ತಬೇಕು ಅಂತ ಬಾಣ ಹಾಕಿದೆ, ಸ್ಪ್ರಿಂಗ್ ಹಿಡಿದುಕೊಳ್ಳುವ ಜಾಗಕ್ಕೆ ಗುರುತು ಮಾಡಿದೆ. ಫೋಟೊ ತೆಗೆದು ಕಳಿಸಿ, ಕೆಳಗೆ ಬರೆದೆ: "ಕುರ್ಚಿ ಗೋಡೆಗೆ ಒತ್ತಿ ಇಟ್ಟುಕೋ. ನಿಧಾನವಾಗಿ ಮಾಡು. ನಾನು ಎದ್ದೇ ಇದ್ದೇನೆ."